ಬರೆದದ್ದನ್ನೆಲ್ಲ ಅಳಿಸುತ್ತಿದ್ದೇನೆ, ನಿಮಗೂ ಹೀಗೆ ಆಗಿತ್ತಾ?

ಕಾರವಾರದ ಕೋಡಿಬಾಗದಿಂದ ಕೇಳುತ್ತಿದ್ದೇನೆ. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಎರಡು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಅರ್ಧಂಬರ್ಧ ಏಳು ಕಥೆಗಳಿವೆ, ಮುಗಿದದ್ದು ಒಂದೂ ಇಲ್ಲ. ರಾತ್ರಿ ಬರೆಯುವಾಗ ಪರವಾಗಿಲ್ಲ ಅನಿಸುತ್ತದೆ. ಬೆಳಿಗ್ಗೆ ಓದಿದರೆ 'ಇದೆಂಥ ಕನ್ನಡ, ಯಾರು ಓದ್ತಾರೆ' ಅನಿಸಿ ಅಳಿಸಿಬಿಡುತ್ತೇನೆ. ಈಗ ಬರೆಯುತ್ತಿರುವುದು ಮೀನು ಮಾರುವ ಹೆಂಗಸಿನ ಕಥೆ, ನಡೆಯುವುದು ಮಳೆಗಾಲದಲ್ಲಿ. ಅದೂ ಹೋಗುವ ಮೊದಲು ಕೇಳೋಣ ಅಂತ. ನೀವೆಲ್ಲ ಏನು ಮಾಡಿದಿರಿ?

ಶಿರಸಿ ಕಡೆಯಿಂದ

ಮೊದಲು ಅಳಿಸುವುದು ನಿಲ್ಲಿಸಿ. ಉಳಿದದ್ದು ಆಮೇಲೆ.

ನಾನು ಕಥೆಗಾರ ಅಲ್ಲ. ಆಗೀಗ ಲೇಖನ ಬರೆಯುತ್ತೇನೆ, ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತೇನೆ; ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುವುದು. ನನ್ನ ಅಳುಕು ಸಡಿಲವಾದದ್ದು ಅಲ್ಲೇ. ಹಾಡುವ ಭಾಗವತರ ಮುಂದೆ ಪದ್ಯದ ಪುಸ್ತಕ ಇರುತ್ತದೆ, ಅರ್ಥಧಾರಿಯ ಮುಂದೆ ಏನೂ ಇರುವುದಿಲ್ಲ. ಪದ ಮುಗಿದ ಕೂಡಲೇ ಮಾತು ಬರಬೇಕು. ಮೊದಲ ಸಲ ನನಗೆ ಸಿಕ್ಕಿದ್ದು ಕೃಷ್ಣಸಂಧಾನ ಪ್ರಸಂಗದ ವಿದುರನ ಪಾತ್ರ. ಹದಿನೈದು ದಿನ ಕೂತು, ದೊಡ್ಡ ದೊಡ್ಡ ಶಬ್ದ ಹುಡುಕಿ, ಮಾತು ಬರೆದು ಬಾಯಿಪಾಠ ಮಾಡಿದ್ದೆ. ಕೃಷ್ಣನ ಅರ್ಥ ಹೇಳುತ್ತಿದ್ದ ಹಿರಿಯರು ನನ್ನ ಹಾಳೆಯಲ್ಲಿ ಇಲ್ಲದ್ದನ್ನೇ ಕೇಳಿದರು: "ವಿದುರಾ, ಹಸಿವಾಗಿದೆ. ಮನೆಯಲ್ಲಿ ಏನಿದೆ?"

ಬಾಯಿಪಾಠ ಪೂರ್ತಿ ಹಾರಿಹೋಯಿತು. ಮದ್ದಲೆಯವರು ನನ್ನ ಮುಖ ನೋಡುತ್ತಿದ್ದಾರೆ. ಕೊನೆಗೆ ಬಾಯಿಗೆ ಬಂದದ್ದು: "ಹಾಲಿದೆ ಸ್ವಾಮಿ. ಕರು ಕುಡಿದು ಬಿಟ್ಟಷ್ಟು." ನಮ್ಮ ಕೊಟ್ಟಿಗೆಯಲ್ಲಿ ಆಯಿ ದಿನಾ ಹೇಳುವ ಮಾತು ಅದು. ಸಭೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ನಕ್ಕಿತು. ಹಂಗಿಸಿ ನಕ್ಕದ್ದಲ್ಲ, ಅದು ನನಗೂ ತಿಳಿಯಿತು. ಹಿರಿಯರು ಆ ಕರುವನ್ನೇ ಹಿಡಿದುಕೊಂಡು ಹತ್ತು ನಿಮಿಷ ಮಾತು ಬೆಳೆಸಿದರು.

ಆವತ್ತಿನಿಂದ ಲೇಖನ ಬರೆಯುವ ಮೊದಲು ಮೊಬೈಲ್ ಎದುರು ಬಾಯಲ್ಲಿ ಹೇಳಿಬಿಡುತ್ತೇನೆ. ಆಮೇಲೆ ಕೇಳಿಕೊಂಡು ಬರೆಯುತ್ತೇನೆ. ನನ್ನ ದನಿ ಕೇಳುವುದು ಮೊದಮೊದಲು ಹಿಂಸೆ, ಅದಕ್ಕೆ ಏನೂ ಮಾಡಲಾಗದು.

ಸಿದ್ದಾಪುರ

ಚಾಲಿ ಅಡಿಕೆ ಅಂಗಳದಲ್ಲಿ ತಿಂಗಳ ಮೇಲೆ ಒಣಗಬೇಕು. ಹರವಿದ ಮಾರನೇ ದಿನವೇ ಒಡೆದು ನೋಡಿ, ಹಸಿ ಇದೆ ಅಂತ ಯಾರಾದರೂ ಗೊಬ್ಬರದ ಗುಂಡಿಗೆ ಹಾಕ್ತಾರಾ? ನೀವು ಮಾಡುತ್ತಿರುವುದು ಅದೇ. ನಾನು ಬರೆದದ್ದನ್ನು ಒಂದು ತಿಂಗಳು ತೆರೆಯುವುದೇ ಇಲ್ಲ.

ಅಂಕೋಲಾ

ಕೊಂಕಣಿ ಮನೆಮಾತು ಅಂತ ಹಿಂಜರಿಯುತ್ತೀರಲ್ಲ. 1928ರಲ್ಲಿ ಹನೇಹಳ್ಳಿಯಲ್ಲಿ ಹುಟ್ಟಿದ ಕಥೆಗಾರ ಯಶವಂತ ಚಿತ್ತಾಲರ ಮನೆಮಾತು ಯಾವುದು? ಕೊಂಕಣಿಯೇ. ಮುಂಬಯಿಯಲ್ಲಿ ಕೆಮಿಕಲ್ ಎಂಜಿನಿಯರ್ ಕೆಲಸ ಮಾಡುತ್ತ ಹನೇಹಳ್ಳಿಯನ್ನು ಕನ್ನಡದಲ್ಲಿ ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿಯವರದೂ ಅದೇ ಮನೆಮಾತು. ಇನ್ನು ಉದ್ದ ಬರೆಯಲು ಆಗುವುದಿಲ್ಲ ಅಂದರೆ, ನಮ್ಮ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕದಲ್ಲಿ ಮಾತು ಮುಗಿಸುತ್ತಿದ್ದರು.

ಹೊನ್ನಾವರ

ಅಂಕೋಲಾದವರು ಬೇಜಾರು ಮಾಡ್ಕೋಬೇಡಿ. ದೊಡ್ಡವರ ಹೆಸರು ಕೇಳಿದರೆ ನನಗಂತೂ ಹೆದರಿಕೆ ಜಾಸ್ತಿ ಆಗುತ್ತದೆ. ಕಾರವಾರದ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 22ನೇ ವಯಸ್ಸಿಗೆ ಬಂದು ನಾಟಕ ಬರೆದರು. ಇದು ಗೊತ್ತಾದಾಗಿನಿಂದ ಆ ಮರಳಲ್ಲಿ ಕೂತು ನನಗೆ ಒಂದು ಸಾಲು ಬರೆಯಲು ಆಗಿಲ್ಲ. ಚುರುಮುರಿ ತಿಂದು ಎದ್ದು ಬರುತ್ತೇನೆ.

ನನಗೆ ಉಪಯೋಗಕ್ಕೆ ಬಂದದ್ದು ಒಂದೇ. ಬರೆದದ್ದನ್ನು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವುದು. ಸಾಹಿತ್ಯದವರಿಗೆ ಬೇಡ. ಕಥೆಯಲ್ಲಿರುವ ಕೆಲಸ ಗೊತ್ತಿದ್ದವರಿಗೆ.

ಕುಮಟಾ

ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ. ಅನುಮಾನ ಹೋಗಿಲ್ಲ, ಹೋಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಕಥೆ ವಾಪಸ್ ಬಂದರೆ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ, ಮನೆಯವರಿಗೆ ಅಭ್ಯಾಸ ಆಗಿದೆ. ಮೂರನೇ ದಿನ ಇನ್ನೊಂದು ಪತ್ರಿಕೆಗೆ ಕಳಿಸುತ್ತೇನೆ.

ಮತ್ತೆ ಕೋಡಿಬಾಗದಿಂದ, ಮೂರು ದಿನದ ಮೇಲೆ

ಹೊನ್ನಾವರದವರ ಮಾತು ಕೇಳಿ, ನಮ್ಮ ಮನೆಗೆ ಮೀನು ತರುವ ಅಕ್ಕನಿಗೆ ಮೊದಲ ಮೂರು ಪ್ಯಾರಾ ಓದಿದೆ. ಕೈ ನಡುಗುತ್ತಿತ್ತು. ಅವರು ಬುಟ್ಟಿ ಇಳಿಸಿ, ಜಗುಲಿಯಲ್ಲಿ ಕಾಲು ಚಾಚಿ ಕೂತು ಕೇಳಿದರು. ಕನ್ನಡದ ಬಗ್ಗೆ ಒಂದು ಮಾತಿಲ್ಲ. "ಜುಲೈಯಲ್ಲಿ ಬುಟ್ಟಿ ತುಂಬ ತಾಜಾ ಬಂಗಡೆ ಅಂತೀಯಲ್ಲ, ಯಾವ ಬೋಟು ತಂದುಕೊಡ್ತು?" ಅಂದರು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹುಟ್ಟಿದಾಗಿನಿಂದ ನೋಡುತ್ತಿರುವುದೇ. 'ಎಂಥ ಕನ್ನಡ' ಅಂತ ತಲೆ ಕೆಡಿಸಿಕೊಂಡವಳಿಗೆ ಇದು ಹೊಳೆಯಲೇ ಇಲ್ಲ ನೋಡಿ. ಹಾಗಾದರೆ ನನ್ನ ಕಥೆಯವಳು ಏನು ಮಾರಬೇಕು ಅಂತ ಕೇಳಿದೆ. "ಒಣ ಮೀನು. ಬೇಸಿಗೆಯಲ್ಲೇ ಉಪ್ಪು ಹಾಕಿ ಒಣಗಿಸಿಟ್ಟದ್ದು. ಅದೂ ಮುಗಿದರೆ ಸಾಲ," ಅಂದರು.

ಮೂರನೇ ಪ್ಯಾರಾ ತೆಗೆದೆ, ಉಳಿದದ್ದು ಹಾಗೇ ಇದೆ. ಈಗ ಅವಳ ಬುಟ್ಟಿಯಲ್ಲಿ ಒಣ ಬಂಗಡೆ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅಕ್ಕ ಶುಕ್ರವಾರ ಮತ್ತೆ ಬರುತ್ತಾರೆ, ಅಷ್ಟರಲ್ಲಿ ಸಾಲದ ಭಾಗ ಬರೆಯಬೇಕು. "ಸಾಲ ಕೊಡುವವಳು ಒಳ್ಳೆಯವಳು ಅಂತ ಬರೀಬೇಡ" ಅಂತ ಈಗಲೇ ಹೇಳಿ ಹೋಗಿದ್ದಾರೆ.