ಭಾನುವಾರ ತೊಳೆದರೆ ಗುರುವಾರ ಮೀನು ಸಾಯುತ್ತೆ: ಅನುಭವ ಇದ್ದವರು ಹೇಳಿ

ಪ್ರಶ್ನೆ (ಬೆಂಗಳೂರು, ವಿಜಯನಗರ)

ನಮಸ್ಕಾರ. ಮಗಳ ಹಠಕ್ಕೆ ಬೇಸಿಗೆ ರಜೆಯಲ್ಲಿ ಎರಡು ಅಡಿಯ ಅಕ್ವೇರಿಯಂ ತಂದೆವು. ಐದು ಗೋಲ್ಡ್ ಫಿಶ್, ಎರಡು ಏಂಜೆಲ್, ಜೊತೆಗೆ ಗಾಜು ಕ್ಲೀನ್ ಮಾಡುತ್ತೆ ಅಂತ ಅಂಗಡಿಯವರು ಕೊಟ್ಟ ಒಂದು ಸಕ್ಕರ್. ಪ್ರತಿ ಭಾನುವಾರ ನೀರು ಪೂರ್ತಿ ಖಾಲಿ ಮಾಡಿ, ಕಲ್ಲು, ಗಿಡ, ಫಿಲ್ಟರಿನ ಸ್ಪಂಜು ಎಲ್ಲಾ ನಲ್ಲಿ ಕೆಳಗೆ ಉಜ್ಜಿ ತೊಳೀತೀವಿ. ಆದರೂ ಬುಧವಾರ ಗುರುವಾರದ ಹೊತ್ತಿಗೆ ನೀರು ಬೆಳ್ಳಗೆ ಮಸುಕಾಗುತ್ತೆ, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಒಂದಾದರೂ ಸಾಯುತ್ತೆ. ಅಂಗಡಿಗೆ ಹೋದಾಗೆಲ್ಲ ಒಂದು ಬಾಟಲಿ ಔಷಧಿ ಕೊಡ್ತಾರೆ. ನೀಲಿ ಆಯ್ತು, ಹಳದಿ ಆಯ್ತು. ಈಗ ಮೂರು ಗೋಲ್ಡ್ ಫಿಶ್, ಸಕ್ಕರ್ ಉಳಿದಿವೆ. ನಮ್ಮ ಸಂಪಿಗೆ ಕಾವೇರಿ ನೀರೂ ಬರುತ್ತೆ, ಬೋರ್ ನೀರೂ ಬರುತ್ತೆ. ಯಾವ ಔಷಧಿ ಹಾಕಿದರೆ ಒಳ್ಳೇದು? ಮಗಳು ದಿನಾ ಸ್ಕೂಲಿಂದ ಬಂದ ತಕ್ಷಣ ಎಣಿಸ್ತಾಳೆ, ಅದೊಂದು ಕಷ್ಟ.

ಮೈಸೂರಿನಿಂದ

ಯಾವ ಔಷಧಿಯೂ ಬೇಡ ಮೇಡಂ, ಸದ್ಯಕ್ಕೆ ಬಾಟಲಿಗಳನ್ನೆಲ್ಲ ಬದಿಗಿಡಿ. ಉತ್ತರ ನಿಮ್ಮ ತಲೆಬರಹದಲ್ಲೇ ಇದೆ. ಮೀನು ಸತ್ತಾಗ ಎಲ್ಲರೂ ಯಾವ ರೋಗ ಅಂತ ಕೇಳ್ತಾರೆ. ನಾನು ಮೊದಲು ಕೇಳೋದು ಯಾವಾಗ ಸತ್ತಿತು, ಅದಕ್ಕೆ ಮುಂಚೆ ಮನೆಯವರು ಏನು ಮಾಡಿದ್ದರು ಅಂತ. ನೀರು ಬದಲಿಸಿದ ಒಂದೆರಡು ಗಂಟೆಯಲ್ಲೇ ಒದ್ದಾಡಿದರೆ ಕ್ಲೋರಿನ್ ಮೇಲೆ ಅನುಮಾನ, ಇಲ್ಲಾ ಹೊಸ ನೀರು ತೀರಾ ತಣ್ಣಗಿತ್ತು. ರಾತ್ರಿ ಚೆನ್ನಾಗಿದ್ದು ಬೆಳಗ್ಗೆ ಎದ್ದಾಗ ಸತ್ತಿದ್ದರೆ ಆಮ್ಲಜನಕ ಸಾಲದೆ ಹೋಗಿರಬಹುದು. ಗಿಡಗಳೂ ಕತ್ತಲಲ್ಲಿ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವಲ್ಲ. ಹೊಸ ಮೀನು ಬಿಟ್ಟ ವಾರ ಹತ್ತು ದಿನಕ್ಕೆ ಹಳೇ ಮೀನುಗಳೂ ಮಂಕಾದರೆ ಆಗ ರೋಗದ ಮಾತು. ತೊಳೆದ ಮೂರು ನಾಲ್ಕನೇ ದಿನಕ್ಕೆ, ಅದೂ ವಾರ ವಾರ ಆಗ್ತಿದ್ದರೆ ಬಹುತೇಕ ಅಮೋನಿಯಾ.

ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ವಿಷ, ಮೂರನೆಯದು ವಿಪರೀತ ಏರದಿದ್ದರೆ ಮೀನು ತಡೆದುಕೊಳ್ಳುತ್ತೆ. ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಿ ಅಲ್ಲ, ಹೆಚ್ಚಾಗಿ ಸ್ಪಂಜು ಮತ್ತು ಕಲ್ಲುಗಳ ಮೇಲೆ ಕೈಗೆ ಜಾರುವ ಆ ಲೋಳೆಯಲ್ಲಿ. ಹೊಸ ಟ್ಯಾಂಕಲ್ಲಿ ಅವು ಸಾಕಷ್ಟು ಬೆಳೆಯೋಕೆ 4ರಿಂದ 6 ವಾರ ಬೇಕು. ನೀವು ಪ್ರತಿ ಭಾನುವಾರ ಅದನ್ನೇ ಗಲೀಜು ಅಂದುಕೊಂಡು ನಲ್ಲಿ ನೀರಲ್ಲಿ ಉಜ್ಜಿ ತೆಗೀತಿದೀರಿ. ತಿಂಗಳುಗಟ್ಟಲೆ ಆದರೂ ನಿಮ್ಮ ಟ್ಯಾಂಕ್ ಇನ್ನೂ ಮೊದಲನೇ ವಾರದಲ್ಲೇ ಇದೆ. ಬುಧವಾರ ಕಾಣುವ ಬಿಳಿ ಮಸುಕು ಕೊಳೆಯಲ್ಲ, ಅದು ಬೇರೆ ಬ್ಯಾಕ್ಟೀರಿಯಾಗಳು ನೀರಲ್ಲಿ ಏಕಾಏಕಿ ಹೆಚ್ಚಿರೋದು. ನೀಲಿ ಔಷಧಿ ಮಿಥಲೀನ್ ಬ್ಲೂ ಆಗಿದ್ದರೆ ಅಳಿದುಳಿದ ಒಳ್ಳೇ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಮಾಡಬೇಕಾದ್ದು ಇಷ್ಟೇ. ಪೂರ್ತಿ ತೊಳೆಯೋದು ನಿಲ್ಲಿಸಿ. ಈಗ ಆಪತ್ತಿನ ಕಾಲ ಆದ್ದರಿಂದ ದಿನಾ ಕಾಲು ಭಾಗ ನೀರು ಬದಲಿಸಿ. ಟ್ಯಾಂಕ್ ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಅಷ್ಟೇ ಸಾಕು. ಆರಿದಷ್ಟು ನೀರು ಮೇಲಿಂದ ತುಂಬೋದು ಬದಲಿಸಿದ ಲೆಕ್ಕಕ್ಕೆ ಬರಲ್ಲ, ಆರೋದು ನೀರು ಮಾತ್ರ, ಲವಣ ಒಳಗೇ ಉಳಿಯುತ್ತೆ. ಸ್ಪಂಜು ಕಟ್ಟಿಕೊಂಡರೆ ಟ್ಯಾಂಕಿಂದ ತೆಗೆದ ಹಳೇ ನೀರನ್ನೇ ಬಕೆಟ್ಟಿಗೆ ಹಾಕಿ ಅದರಲ್ಲಿ ಎರಡು ಸಲ ಹಿಂಡಿ, ಸಾಕು. ಕಂದು ಬಣ್ಣ ಉಳಿದಿದ್ದರೆ ಉಳಿಯಲಿ. ನಾಳೆ ಒಂದು ದಿನ ಊಟ ಬೇಡ, ಉಪವಾಸದಿಂದ ಗೋಲ್ಡ್ ಫಿಶ್ ಸಾಯಲ್ಲ. ಆಮೇಲೂ ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಗುರುತಿನವರ ಮನೆಯಲ್ಲಿ ಹಳೇ, ಆರೋಗ್ಯವಾಗಿರುವ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ತುಂಡೊಂದು ಕೇಳಿ ತಂದು, ಒದ್ದೆಯಿರುವಾಗಲೇ ನಿಮ್ಮ ಫಿಲ್ಟರಿಗೆ ಸೇರಿಸಿ. ಅಂಗಡಿಯ ಯಾವ ಬಾಟಲಿಗಿಂತಲೂ ಅದು ಮೇಲು.

ಇನ್ನೊಂದು ಮಾತು, ಬೇಜಾರಾಗಬೇಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಹೆಚ್ಚೆಂದರೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45 ಇದ್ದೀತು. ಗೋಲ್ಡ್ ಫಿಶ್ ತಿನ್ನೋದೂ ಹೆಚ್ಚು, ಹೇಲೋದೂ ಹೆಚ್ಚು, ಸರಿಯಾಗಿ ಸಾಕಿದರೆ ಹತ್ತು ವರ್ಷದ ಮೇಲೂ ಬದುಕುವ ಮೀನು. ಐದು ಯಾವತ್ತೂ ಜಾಸ್ತಿಯೇ ಆಗಿದ್ದವು. ಹೋದವುಗಳ ಜಾಗಕ್ಕೆ ಹೊಸದು ತರಬೇಡಿ. ಏಂಜೆಲ್ಲಿಗೆ ಬೆಚ್ಚನೆ ನೀರು ಬೇಕು, ಗೋಲ್ಡ್ ಫಿಶ್‌ಗೆ ತಂಪೇ ಹಿತ. ಅವೆರಡನ್ನೂ ಒಟ್ಟಿಗೆ ಕೊಟ್ಟ ಅಂಗಡಿಯವರ ಸಲಹೆಯನ್ನು ಎಷ್ಟು ನಂಬಬೇಕೋ ನೀವೇ ನೋಡಿ.

ಬೆಂಗಳೂರು, ವೈಟ್‌ಫೀಲ್ಡ್ ಕಡೆಯಿಂದ

ಮೇಲಿನವರು ಹೇಳಿದ್ದು ಸರಿ. ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಇನ್ನೊಂದು ಗಂಡಾಂತರ ಇದೆ. ನಮ್ಮಲ್ಲಿ ಸಂಪು ತೊಳೆದ ದಿನ ಬ್ಲೀಚಿಂಗ್ ಪೌಡರ್ ಸುರೀತಾರೆ. ಮಾಮೂಲಿ ದಿನ ಹಾಕುವ ಆಂಟಿ ಕ್ಲೋರಿನ್ ಹನಿ ಅವತ್ತು ಸಾಲಲ್ಲ. ಸೆಕ್ಯುರಿಟಿಯವರ ಹತ್ತಿರ ಸಂಪು ತೊಳೆಯುವ ದಿನ ಕೇಳಿಟ್ಟುಕೊಳ್ಳಿ, ಹಿಂದಿನ ದಿನವೇ ಎರಡು ಬಕೆಟ್ ನೀರು ಹಿಡಿದಿಡಿ. ಬಕೆಟ್ಟಲ್ಲಿ ಏರ್ ಸ್ಟೋನ್ (ಏರ್ ಪಂಪಿಗೆ ಸಿಕ್ಕಿಸುವ, ಗಾಳಿ ಗುಳ್ಳೆ ಬಿಡುವ ಕಲ್ಲು) ಬಿಟ್ಟು ಒಂದು ದಿನ ಇಟ್ಟರೆ ಮಾಮೂಲಿ ಕ್ಲೋರಿನ್ ಹಾರಿಹೋಗುತ್ತೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮಿನ್ ಹಾಕುವ ಊರುಗಳಲ್ಲಿ ಮಾತ್ರ ಈ ಉಪಾಯ ನಡೆಯಲ್ಲ, ಅಲ್ಲಿ ಆಂಟಿ ಕ್ಲೋರಿನ್ ಹನಿ ಬೇಕೇ ಬೇಕು.

ಸೊಳ್ಳೆ ಲಿಕ್ವಿಡ್ ಮಿಷನ್ನು, ಸ್ಪ್ರೇ ಎರಡನ್ನೂ ಟ್ಯಾಂಕ್ ಇರುವ ಕೋಣೆಯಿಂದ ಆಚೆ ಇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ನಮಗಿಂತ ಮೀನಿಗೆ ಎಷ್ಟೋ ಪಟ್ಟು ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರೊಳಗೆ ಬಿಡುತ್ತೆ ಅನ್ನೋದು ಯಾರಿಗೂ ಹೊಳೆಯಲ್ಲ. ಮನೆಗೆ ಪೇಂಟ್ ಮಾಡಿಸುವಾಗಲೂ ಅಷ್ಟೇ.

ಕುಡಿಯುವ ಆರ್‌ಓ ನೀರು ಹಾಕಿದರೆ ಒಳ್ಳೇದಲ್ವಾ ಅಂತ ಮುಂದೆ ನೀವು ಕೇಳೇ ಕೇಳ್ತೀರಿ, ನಾನೂ ಕೇಳಿದ್ದೆ. ಬರೀ ಆರ್‌ಓ ನೀರಲ್ಲಿ ಮೀನಿಗೆ ಬೇಕಾದ ಲವಣವೇ ಇರಲ್ಲ, ಬೇಡ.

ಹುಬ್ಬಳ್ಳಿಯಿಂದ

ನಮ್ಮ ಕಡೆ ಬೋರಿನ ನೀರು ಭಾಳ ಗಡಸು ನೋಡ್ರಿ. ಚೊಂಬಿನ ತಳದಾಗ ಬೆಳ್ಳಗ ಕಟ್ಟತದಲ್ಲ, ಅಂಥಾದ್ದು. ಇಂಥಾ ನೀರಾಗ ನಿಯಾನ್ ಟೆಟ್ರಾ, ಡಿಸ್ಕಸ್ ಸಾಕ್ತೀನಿ ಅಂದ್ರ ನೀರಿನ ಕೂಡ ಜಗಳ ತಗದಂಗ. ಗಪ್ಪಿ, ಮೋಲಿ, ಪ್ಲಾಟಿ ಇಡ್ರಿ, ಅವಕ್ಕ ಗಡಸು ನೀರs ಬೇಕು. ನೀರು ನೋಡಿ ಮೀನು ತರಬೇಕು, ಮೀನು ತಂದು ನೀರು ತಿದ್ದಾಕ ಹೋಗಬಾರದು.

ಕರೆಂಟ್ ಹೋದಾಗಿನ ಮಾತು ಯಾರೂ ಹೇಳಿಲ್ಲ. ಫಿಲ್ಟರ್ ಭಾಳ ಹೊತ್ತು ಬಂದ್ ಆದ್ರ ಅದರೊಳಗಿನ ನೀರು ನಿಂತು, ಗಾಳಿ ಇಲ್ದ ಬ್ಯಾಕ್ಟೀರಿಯಾ ಸಾಯ್ತಾವು. ಕರೆಂಟ್ ಬಂದ ಕೂಡಲೇ ಆ ನಾತದ ನೀರೆಲ್ಲ ಟ್ಯಾಂಕಿಗೆ ಬರತದ. ಅದಕ್ಕ ಅರ್ಧ ದಿನ ಕರೆಂಟ್ ಇರಲಿಲ್ಲಂದ್ರ ಮೊದಲ ಫಿಲ್ಟರ್ ಬಿಚ್ಚಿ, ಟ್ಯಾಂಕಿನ ನೀರಾಗ ಅಲಬಿಸಿ, ಆಮ್ಯಾಲೆ ಹಚ್ರಿ. ಬ್ಯಾಟರಿ ಮ್ಯಾಲೆ ನಡಿಯೋ ಏರ್ ಪಂಪ್ ಸಿಗ್ತಾವು, ಒಂದು ಇಟ್ಕೋರಿ. ಅದೂ ಇಲ್ಲಂದ್ರ ಮಗ್ಗಿನಾಗ ನೀರು ತಗದು ಒಂದು ಗೇಣು ಮ್ಯಾಲಿಂದ ಆಗಾಗ ಸುರೀರಿ. ಕರೆಂಟ್ ಇಲ್ಲದಾಗ ಊಟ ಹಾಕಬ್ಯಾಡ್ರಿ.

ಮಂಗಳೂರಿನಿಂದ

ಇಷ್ಟೆಲ್ಲ ಲೆಕ್ಕ ಯಾಕೆ ಮಾರಾಯ್ರೆ? ನಮ್ಮ ಮನೆ ಹಿಂದೆ ಸಿಮೆಂಟಿನ ತೊಟ್ಟಿ ಉಂಟು. ಬಾವಿ ನೀರು, ಫಿಲ್ಟರ್ ಇಲ್ಲ, ಪಂಪ್ ಇಲ್ಲ. ಗಪ್ಪಿಗಳು ರಾಶಿ ರಾಶಿ. ಒಂದು ಬಾಟಲಿ ಔಷಧಿ ತಂದವರಿಲ್ಲ.

ಮೈಸೂರಿನಿಂದ

ನಿಮ್ಮ ತೊಟ್ಟಿಯಲ್ಲಿ ನಾನು ಹೇಳಿದ್ದೇ ನಡೀತಿದೆ, ಯಾರೂ ಉಜ್ಜಿ ತೊಳೀತಿಲ್ಲ ಅಷ್ಟೇ! ನೂರಾರು ಲೀಟರ್ ನೀರು, ಗೋಡೆ ತುಂಬ ಪಾಚಿ, ಸೊಳ್ಳೆಮರಿ ಬಿಟ್ಟಿ ಊಟ, ಬಾವಿ ನೀರಲ್ಲಿ ಕ್ಲೋರಿನ್ ಇಲ್ಲ. ಪಾಚಿ ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತೆ. ನೀರು ಹೆಚ್ಚಿದ್ದಷ್ಟೂ ತಪ್ಪು ನಿಧಾನಕ್ಕೆ ಕಾಣುತ್ತೆ. 45 ಲೀಟರಿನ ಗಾಜಿನ ಪೆಟ್ಟಿಗೆಗೆ ಆ ಸೌಲಭ್ಯ ಇಲ್ಲ. ಮೊದಲ ಸಲ ಸಾಕೋರು ಚಿಕ್ಕದರಲ್ಲಿ ಶುರು ಮಾಡೋಣ ಅಂತಾರೆ, ನಿಜವಾಗಿ ಚಿಕ್ಕದೇ ಕಷ್ಟ.

ಪ್ರಶ್ನೆ ಕೇಳಿದವರು (ವಿಜಯನಗರ)

ಎಲ್ಲರಿಗೂ ಧನ್ಯವಾದ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತರಿಸಿದೆ. ಅಮೋನಿಯಾ 2, ನೈಟ್ರೈಟ್ ಸೊನ್ನೆಗಿಂತ ಸ್ವಲ್ಪ ಮೇಲೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8 ತೋರಿಸ್ತಿದೆ. ಈ ಭಾನುವಾರ ತೊಳೆಯಲಿಲ್ಲ, ಮನೆಯಲ್ಲಿ ಅತ್ತೆಯವರಿಗೆ ಸಮಾಧಾನವೇ ಇಲ್ಲ. ಯಾವುದೂ ಸತ್ತಿಲ್ಲ. ಆದರೆ ಒಂದು ಗೋಲ್ಡ್ ಫಿಶ್‌ಗೆ ಬಿಳಿ ಚುಕ್ಕೆ ಬಂದಿದೆ. ಬಿಳಿ ಚುಕ್ಕೆ ರೋಗ ಬಂದರೆ ಎಲ್ಲಾ ಹೋಗುತ್ತೆ ಅಂತಾರಲ್ಲ, ಈಗಲಾದರೂ ಔಷಧಿ ಹಾಕಲಾ?

ಮೈಸೂರಿನಿಂದ

ತಡೀರಿ, ಮೊದಲು ಚುಕ್ಕೆ ಎಲ್ಲಿದೆ ನೋಡಿ. ಬೆಳಕು ಓರೆಯಾಗಿ ಬೀಳುವ ಹಾಗೆ ಮೊಬೈಲ್ ಟಾರ್ಚ್ ಹಿಡೀರಿ. ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ದಪ್ಪ ಕಡ್ಡಿಯ ಉದ್ದಕ್ಕೆ ಮಾತ್ರ, ಒಂದೇ ಗಾತ್ರದಲ್ಲಿ, ಹೆಚ್ಚು ಕಡಿಮೆ ಸಾಲಾಗಿ ಇದ್ದರೆ, ಮೀನು ಚುರುಕಾಗಿದ್ದರೆ, ಅದು ಗಂಡು, ಮರಿ ಮಾಡುವ ವಯಸ್ಸಿಗೆ ಬಂದಿದೆ. ಗೋಲ್ಡ್ ಫಿಶ್ ಗಂಡಿಗೆ ಹಾಗೆ ಚುಕ್ಕೆ ಏಳೋದು ಸಹಜ. ಇದಕ್ಕೆ ಔಷಧಿ ಸುರಿದು ಆರೋಗ್ಯವಂತ ಮೀನನ್ನು ಕೊಂದವರನ್ನು ಕಂಡಿದ್ದೇನೆ.

ರೋಗದ ಚುಕ್ಕೆ ಹಾಗಿರಲ್ಲ. ಬಾಲ, ಬೆನ್ನು, ರೆಕ್ಕೆ ಅನ್ನದೆ ಎಲ್ಲೆಂದರಲ್ಲಿ ರವೆ ಉದುರಿಸಿದ ಹಾಗೆ ಇರುತ್ತೆ, ದಿನೇ ದಿನೇ ಹೆಚ್ಚುತ್ತೆ. ಮೀನು ರೆಕ್ಕೆ ಮುದುರಿಕೊಂಡು ಕಲ್ಲಿಗೆ ಮೈ ಉಜ್ಜುತ್ತೆ. ಹಾಗಿದ್ದರೆ ಮಾತ್ರ ಚಿಕಿತ್ಸೆ. ಕಣ್ಣಿಗೆ ಕಾಣುವ ಆ ಚುಕ್ಕೆಯಲ್ಲಿ ಪರೋಪಜೀವಿ ಚರ್ಮದ ಒಳಗಿರುತ್ತೆ, ಔಷಧಿ ಅಲ್ಲಿಗೆ ತಲುಪಲ್ಲ. ಬಲಿತ ಮೇಲೆ ಉದುರಿ ತಳದ ಕಲ್ಲಿಗೆ ಅಂಟಿಕೊಂಡು, ಒಳಗೇ ನೂರಾರು ಮರಿಯಾಗಿ ಒಡೆದು ಈಜಿಕೊಂಡು ಹೊಸ ಮೀನು ಹುಡುಕುತ್ತೆ. ಸಾಯೋದು ಆ ಈಜುವ ಹಂತದಲ್ಲಿ ಮಾತ್ರ. ಅದಕ್ಕೇ ಮೈಮೇಲಿನ ಚುಕ್ಕೆ ಹೋಯ್ತು ಅಂತ ಮೂರನೇ ದಿನ ಔಷಧಿ ನಿಲ್ಲಿಸಿದವರಿಗೆ ಮುಂದಿನ ವಾರ ಇಮ್ಮಡಿಯಾಗಿ ಬರೋದು. ಡಿಸೆಂಬರ್ ಜನವರಿಯಲ್ಲಿ, ರಾತ್ರಿ ಚಳಿಗೆ ನೀರು ತಣ್ಣಗಾದಾಗ ಇದು ಜಾಸ್ತಿ. ನಿಧಾನವಾಗಿ 28 ಡಿಗ್ರಿ ದಾಟಿಸಿ 30ರ ಒಳಗೆ ಇಟ್ಟರೆ ಅದರ ಜೀವನಚಕ್ರ ಬೇಗ ತಿರುಗಿ, ಔಷಧಿಗೆ ಸಿಗುವ ಈಜುವ ಹಂತ ಬೇಗ ಬರುತ್ತೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಏರ್ ಸ್ಟೋನ್ ಜೋರಾಗಿಡಿ. ಚುಕ್ಕೆ ಮಾಯವಾದ ಮೇಲೂ ಒಂದು ವಾರ ಚಿಕಿತ್ಸೆ ನಿಲ್ಲಿಸಬೇಡಿ.

ಇನ್ನು ನಿಮ್ಮ ರೀಡಿಂಗ್. ನೈಟ್ರೈಟ್ ಕಾಣಿಸಿಕೊಂಡಿದ್ದು ಒಳ್ಳೇ ಸುದ್ದಿ, ಮೊದಲನೇ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿದೆ. ಅಮೋನಿಯಾ 2 ಮಾತ್ರ ಪಿಎಚ್ 8ರಲ್ಲಿ ಹಗುರವಾಗಿ ತಗೊಳ್ಳೋದಲ್ಲ. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಭಾಗವೂ ವಿಷರೂಪದಲ್ಲಿ ಇರಲ್ಲ, 8ಕ್ಕೆ ಬಂದರೆ ಸುಮಾರು 5 ಭಾಗ. ಪಿಎಚ್ ಏರಿಸ್ತಿರೋದು ಬೋರ್ ನೀರೇ ಇರಬಹುದು, ಅದು ಹೆಚ್ಚು ಬಂದ ವಾರ ನಿಮ್ಮಲ್ಲಿ ಸಾವು ಹೆಚ್ಚಾಗಿತ್ತಾ ನೆನಪಿಸಿಕೊಳ್ಳಿ. ಇವತ್ತು ಮೂರನೇ ಒಂದು ಭಾಗ ನೀರು ಬದಲಿಸಿ, ನಾಳೆ ಮತ್ತೆ ಅಷ್ಟೇ. ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪು ಕರಗಿಸಿ ಎರಡು ಕಂತಲ್ಲಿ ಹಾಕಿದರೆ ನೈಟ್ರೈಟ್ ಮೀನಿನ ರಕ್ತಕ್ಕೆ ಇಳಿಯೋದು ತಗ್ಗುತ್ತೆ. ಅಷ್ಟಕ್ಕಿಂತ ಹೆಚ್ಚು ಬೇಡ, ಸಕ್ಕರ್ ಇದೆಯಲ್ಲ. ಅತ್ತೆಯವರಿಗೆ ಗಾಜಿನ ಹೊರಗಡೆ ಎಷ್ಟು ಬೇಕಾದರೂ ಒರೆಸಲಿಕ್ಕೆ ಹೇಳಿ.

ಪ್ರಶ್ನೆ ಕೇಳಿದವರು (ವಿಜಯನಗರ)

ಕಿವಿರಿನ ಮೇಲೆ ಮಾತ್ರ ಇದೆ! ಮಗಳಿಗೆ ಹೇಳಿದೆ, ಹೆಸರು ರಾಣಿ ಅಂತ ಇಟ್ಟಿದ್ದಳು, ಈಗ ಬದಲಾಯಿಸಬೇಕಂತೆ. ಬೋರ್ ನೀರಿನ ವಿಷಯವೂ ಹೌದು, ಕಾವೇರಿ ಬಾರದ ವಾರ ಎರಡು ಹೋಗಿದ್ದವು. ಕೊನೇ ಪ್ರಶ್ನೆ: ಸಕ್ಕರ್ ಈಗಲೇ ಅಂಗೈ ಉದ್ದ ಆಗಿದೆ. ಜಾಗ ಸಾಲಲ್ಲ ಅಂದರೆ ಕೆರೆಗೆ ಬಿಡಬಹುದಾ?

ಶಿವಮೊಗ್ಗದಿಂದ

ದಯವಿಟ್ಟು ಬೇಡ. ಅದು ದಕ್ಷಿಣ ಅಮೆರಿಕದ ಮೀನು. ಜನ ಹೀಗೇ ಬಿಟ್ಟು ಬಿಟ್ಟು ಕೇರಳ, ತಮಿಳುನಾಡಿನ ಎಷ್ಟೋ ಹಳ್ಳ ಕೆರೆಗಳಲ್ಲಿ ತಳವೂರಿದೆ. ಮೈಯೆಲ್ಲ ಗಟ್ಟಿ ಫಲಕ ಇರೋದರಿಂದ ಬೇರೆ ಮೀನು ಅದನ್ನು ತಿನ್ನೋದು ಕಷ್ಟ, ಬಲೆಗೆ ಬಿದ್ದರೆ ಮೀನುಗಾರರ ಬಲೆಯೂ ಹಾಳು. ಒಂದಡಿ ದಾಟಿ ಬೆಳೆಯುತ್ತೆ, ಗಾಜು ಕ್ಲೀನ್ ಮಾಡೋದಕ್ಕಿಂತ ಟ್ಯಾಂಕಿಗೆ ಹಾಕುವ ಕಸವೇ ಹೆಚ್ಚು. ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತಗೋತಾರೆ, ದುಡ್ಡು ಕೇಳಬೇಡಿ ಅಷ್ಟೇ. ಅವರು ಒಲ್ಲೆ ಅಂದರೆ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ. ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಿಮಗೆ ದೂರವಲ್ಲ, ಅಲ್ಲೂ ಒಂದು ಮಾತು ಕೇಳಿ ನೋಡಬಹುದು.

ಮುಂದೆ ಯಾವಾಗಲಾದರೂ ಹೊಸ ಮೀನು ತಂದರೆ ಎರಡು ಮೂರು ವಾರ ಬೇರೆ ಟಬ್ಬಲ್ಲಿ ಇಟ್ಟು ನೋಡಿ ಆಮೇಲೆ ಸೇರಿಸಿ. ನಮ್ಮ ಅಂಗಡಿಗಳ ಬಹಳಷ್ಟು ಮೀನು ಚೆನ್ನೈನ ಕೊಳತ್ತೂರು ಕಡೆಯಿಂದ ಕವರಿನಲ್ಲಿ ತುಂಬಿ ಬಂದವು, ದಾರಿಯ ಆಯಾಸದಲ್ಲೇ ಅರ್ಧ ರೋಗ ಹತ್ತಿರುತ್ತೆ.

ಸಕ್ಕರನ್ನು ಬಲೆಯಲ್ಲಿ ಹಿಡಿಯಬೇಡಿ, ರೆಕ್ಕೆಯ ಮುಳ್ಳು ಸಿಕ್ಕಿಕೊಂಡರೆ ಬಿಡಿಸೋಕೆ ಬಲೆಯನ್ನೇ ಕತ್ತರಿಸಬೇಕಾಗುತ್ತೆ. ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ಅದರೊಳಗೆ ಓಡಿಸಿ. ಅಂಗಡಿಗೆ ಒಯ್ಯುವಾಗಲೂ ಕವರ್ ಬೇಡ, ತೂತು ಮಾಡುತ್ತೆ. ಮುಚ್ಚಳ ಇರುವ ಬಕೆಟ್ಟಲ್ಲಿ ಟ್ಯಾಂಕಿನ ನೀರನ್ನೇ ಹಾಕಿಕೊಂಡು ಹೋಗಿ. ಮುಚ್ಚಳ ಮರೀಬೇಡಿ, ಹಾರುತ್ತೆ.