ಸಹಾಯ ಬೇಕು: ಬದಿಯಡ್ಕ ಬಳಿಯ ಸಣ್ಣ ಚರ್ಚಿಗೆ ಮೈಕ್, ಸ್ಪೀಕರ್, ಟಿವಿ

ನಮಸ್ಕಾರ. ನಮ್ಮ ಚರ್ಚಿನ ಭಾನುವಾರದ ಬಲಿಪೂಜೆಗೆ ಸುಮಾರು 150 ಜನ ಸೇರುತ್ತಾರೆ. ಗಾಯನ ಮಂಡಳಿಯಲ್ಲಿ ಆರು ಮಂದಿ, ಜೊತೆಗೊಂದು ಕೀಬೋರ್ಡ್. ಎಲ್ಲ ಸೇರಿ ಒಂದೂಕಾಲು ಲಕ್ಷ ರೂಪಾಯಿಯೊಳಗೆ ಮುಗಿಯಬೇಕು.

ದೊಡ್ಡ ತೊಡಕು ಪ್ರತಿಧ್ವನಿ. ನೆಲಕ್ಕೆ ಟೈಲ್ಸ್, ಮೂರು ಕಡೆ ಬರಿಯ ಗೋಡೆ. ಧರ್ಮಗುರುಗಳ ಪ್ರವಚನ ಹಿಂದಿನ ಬೆಂಚಿಗೆ ತಲುಪುವಷ್ಟರಲ್ಲಿ ಮಾತುಗಳೆಲ್ಲ ಕಲಸಿಹೋಗುತ್ತವೆ. ಅಂಗಡಿಯವರದು 15 ಇಂಚಿನ ಸ್ಪೀಕರಿನದೇ ಜಪ. ಮದುವೆ ಮಂಟಪಕ್ಕೆ ಅದು ಸರಿಯೇನೋ! ಧ್ವನಿಯನ್ನು ಮಾಡಿನತ್ತ ಹೆಚ್ಚು ಚೆದುರಿಸದೆ ಜನರ ಕಡೆಗೇ ಕಳುಹಿಸುವ, ಕಂಬದಂತೆ ಉದ್ದನೆಯ ಕಾಲಂ ಸ್ಪೀಕರ್ ಮೇಲೆ ನನ್ನ ಒಲವು. ಬಳಸಿದವರು ಹೇಳಿ. ಗಾಯಕರಿಗೆ ಡೈನಮಿಕ್ ಮೈಕ್ ಎಂದು ನಿರ್ಧರಿಸಿದ್ದೇವೆ. ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ ಧ್ವನಿ ಮಿಕ್ಸರಿನಿಂದ 48 ವೋಲ್ಟ್ ಕೊಡಬೇಕು, ಮೇಲಾಗಿ ಫ್ಯಾನಿನ ಸದ್ದೂ ಅದರಲ್ಲಿ ಸೇರಿಕೊಳ್ಳುತ್ತದೆ.

ಬೆಳಗಿನ ಬಿಸಿಲು ನೇರವಾಗಿ ಒಳಬರುವುದರಿಂದ ಪ್ರೊಜೆಕ್ಟರ್ ಬಿಟ್ಟು 55 ಇಂಚಿನ ಟಿವಿ ಕೊಳ್ಳುವುದು ಲೇಸೇ? ಹಾಡು ತೋರಿಸಲು ಓಪನ್‌ಎಲ್‌ಪಿ ಎಂಬ ಉಚಿತ ತಂತ್ರಾಂಶವಿದೆ. ಆದರೆ ನಮ್ಮ ಕನ್ನಡ ಹಾಡುಗಳೂ ಕನ್ನಡ ಲಿಪಿಯ ಕೊಂಕಣಿ ಹಾಡುಗಳೂ ‘ನುಡಿ’ ತಂತ್ರಾಂಶದ ಹಳೆಯ ಕಡತಗಳಲ್ಲಿವೆ. ಅವನ್ನು ಒತ್ತಕ್ಷರ ಕೆಡದಂತೆ, ಈಗಿನ ತಂತ್ರಾಂಶಗಳು ಓದಬಲ್ಲ ಯೂನಿಕೋಡಿಗೆ ಬದಲಿಸಿದ ಅನುಭವ ಯಾರಿಗಾದರೂ ಇದೆಯೇ?

ಮಂಗಳೂರಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ, ಇಲ್ಲಿಗೇ ಬಂದು ಜೋಡಿಸಿ, ನಮ್ಮ ಹುಡುಗರಿಗೂ ಕಲಿಸಿಕೊಡುವವರಿದ್ದರೆ ದಯವಿಟ್ಟು ತಿಳಿಸಿ.