ರಾತ್ರಿ ಬೆಕ್ಕುಗಳ ಗಲಾಟೆ: ಓಡಿಸುವುದು ಬೇಡ, ಆಪರೇಷನ್ ಮಾಡಿಸೋಣ

ಮನೆ 14:
ಎಲ್ಲರಿಗೂ ನಮಸ್ಕಾರ. ಹಿಂದಿನ ಓಣಿಯ ಬೆಕ್ಕುಗಳ ವಿಷಯ. ಎರಡೂ ಸಾಲಿನ ಮನೆಗಳಿಗೆ ಕೇಳಿಸುತ್ತಿದೆ ಅಂತ ಗೊತ್ತು. ಮಗು ಅತ್ತ ಹಾಗೆ ಉದ್ದಕ್ಕೆ ಎಳೆದು ಕೂಗುವುದು, ಆಮೇಲೆ ಒಮ್ಮೆಲೇ ಒಂದರ ಮೇಲೊಂದು ಬೀಳುವುದು, ಶೀಟಿನ ಮೇಲೆ ದಡಬಡ ಓಡುವುದು. ಇವತ್ತು ಬೆಳಿಗ್ಗೆ ಬೂದು ಬಣ್ಣದ ಗಂಡು ಬೆಕ್ಕು ನಮ್ಮ ಗೇಟಿನ ಹತ್ತಿರ ಕೂತಿತ್ತು. ಕಿವಿ ಹರಿದಿದೆ, ಕೆನ್ನೆ ಊದಿ ಒಂದು ಕಣ್ಣು ಪೂರ್ತಿ ಮುಚ್ಚಿದೆ. ನಮಗೂ ನಿದ್ದೆ ಇಲ್ಲ, ಅವಕ್ಕೂ ನೆಮ್ಮದಿ ಇಲ್ಲ. ಒಬ್ಬೊಬ್ಬರೇ ಕಿಟಕಿಯಿಂದ ನೀರು ಎರಚುವ ಬದಲು ಒಟ್ಟಾಗಿ ಒಂದು ದಾರಿ ಹುಡುಕೋಣ. ಏನನಿಸುತ್ತದೆ ಹೇಳಿ.

ಮನೆ 9:
ಒಳ್ಳೆಯದಾಯಿತು ಮೇಡಂ, ನಾನೇ ಬರೆಯಬೇಕು ಅಂತಿದ್ದೆ. ನಮ್ಮ ತಂದೆಗೆ ಹುಷಾರಿಲ್ಲ, ಒಮ್ಮೆ ಎಚ್ಚರ ಆದರೆ ಮತ್ತೆ ಬೆಳಗಿನವರೆಗೂ ನಿದ್ದೆ ಹತ್ತುವುದಿಲ್ಲ. ಎಲ್ಲವನ್ನೂ ಹಿಡಿದು ಗೋಣಿಚೀಲದಲ್ಲಿ ಹಾಕಿ ಎಲ್ಲಾದರೂ ದೂರ ಬಿಟ್ಟು ಬಂದರೆ ಮುಗಿಯಿತಲ್ವಾ? ಗಾಡಿ ನಾನೇ ತರುತ್ತೇನೆ.

ಮನೆ 17:
ದಯವಿಟ್ಟು ಹಾಗೆ ಮಾಡಬೇಡಿ. ಅವಕ್ಕೆ ಊಟ ಹಾಕುವುದು ನಾನೇ, ಅದು ಎಲ್ಲರಿಗೂ ಗೊತ್ತು. ಪಂಪ್ ಶೆಡ್ ಹಿಂದೆ ಮೂರು ಬಣ್ಣದ ತಾಯಿ ಮರಿ ಹಾಕಿದೆ. ತಾಯಿಯನ್ನು ತೆಗೆದುಕೊಂಡು ಹೋದರೆ ಮರಿಗಳು ಹಸಿವಿಗೇ ಸಾಯುತ್ತವೆ.

ಮನೆ 14:
9ನೇ ಮನೆ ಸರ್, ನಿಮ್ಮ ತಂದೆಯವರ ಕಷ್ಟ ಅರ್ಥ ಆಗುತ್ತದೆ, ಅದಕ್ಕಾಗಿಯೇ ಇದನ್ನು ಶುರು ಮಾಡಿದ್ದು. ಆದರೆ ದೂರ ಬಿಟ್ಟು ಬಂದರೆ ಗಲಾಟೆ ನಿಲ್ಲುವುದಿಲ್ಲ. ಇಲ್ಲಿ ತಿನ್ನಲು ಸಿಗುತ್ತದೆ, ಅಡಗಲು ಜಾಗ ಇದೆ. ಇರುವ ಬೆಕ್ಕು ಹೋದರೆ ಪಕ್ಕದ ಬೀದಿಯ ಬೆಕ್ಕು ಆ ಜಾಗಕ್ಕೆ ಬರುತ್ತದೆ. ಹೊಸದಾಗಿ ಬಂದ ಗಂಡುಗಳು ತಮ್ಮ ತಮ್ಮ ಗಡಿ ಹಾಕಿಕೊಳ್ಳುವವರೆಗೂ ಇನ್ನೂ ಜೋರಾಗಿ ಜಗಳ ಆಡುತ್ತವೆ. ಬಿಟ್ಟು ಬಂದ ಬೆಕ್ಕಿಗಂತೂ ಆ ಜಾಗದಲ್ಲಿ ನೀರು ಎಲ್ಲಿ, ನಾಯಿ ಎಲ್ಲಿ ಅಂತ ಏನೂ ಗೊತ್ತಿರುವುದಿಲ್ಲ. ವಾಪಸ್ ಬರಲು ಹೊರಟು ಗಾಡಿಗೆ ಸಿಕ್ಕಿಕೊಳ್ಳುವುದೇ ಜಾಸ್ತಿ.

ಈ ಕೂಗಾಟಕ್ಕೆ ಮೂಲ ಬೆದೆ. ಹೆಣ್ಣು ಬೆಕ್ಕು ಬೆದೆಗೆ ಬಂದಾಗ ಗಂಡನ್ನು ಕರೆಯಲು ಕೂಗುತ್ತದೆ. ಒಂದು ಬೆದೆ ಸುಮಾರು ಒಂದು ವಾರ ಇರುತ್ತದೆ, ಗಂಡು ಸೇರದಿದ್ದರೆ ಎರಡು ಮೂರು ವಾರದಲ್ಲಿ ಮತ್ತೆ ಶುರು. ಆ ವಾಸನೆ, ಆ ಕೂಗು ಹಿಡಿದು ಸುತ್ತಲಿನ ಗಂಡುಗಳೆಲ್ಲ ಬಂದು ಸೇರುತ್ತವೆ. ಗರ್ಭ ನಿಂತರೆ ಎರಡು ತಿಂಗಳು ಚಿಲ್ಲರೆಗೆ ಮರಿ, ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕು. ಮರಿಗಳಿಗೆ ಹಾಲು ಕುಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಹೆಣ್ಣು ಮರಿಗಳು 4-5 ತಿಂಗಳಿಗೇ ಬೆದೆಗೆ ಬಂದುಬಿಡಬಹುದು. ಇವತ್ತು ಓಣಿಯಲ್ಲಿ ಇರುವುದು ಐದಾರು ಬೆಕ್ಕು. ಈಗ ಸುಮ್ನೆ ಕೂತರೆ ಮುಂದಿನ ವರ್ಷ ಎಷ್ಟಾಗುತ್ತವೆ ಅಂತ ನೀವೇ ಯೋಚಿಸಿ.

ಹಾಗಾಗಿ ನನ್ನ ಮಾತು ಇಷ್ಟೇ. ಎಲ್ಲವನ್ನೂ ಬೋನಿನಲ್ಲಿ ಹಿಡಿದು ಸಂತಾನಹರಣ ಆಪರೇಷನ್ ಮಾಡಿಸಿ, ಹಿಡಿದ ಜಾಗದಲ್ಲೇ ವಾಪಸ್ ಬಿಡೋಣ. ಒಂದೆರಡಕ್ಕೆ ಮಾಡಿಸಿ ಬಿಟ್ಟರೆ ಆಗುವುದಿಲ್ಲ, ಎಲ್ಲಕ್ಕೂ ಆಗಬೇಕು.

ಮನೆ 5:
ಆಪರೇಷನ್ ಎಲ್ಲ ದೊಡ್ಡ ಕೆಲಸ ಮೇಡಂ. ಕಾಂಪೌಂಡ್ ಮೇಲೆ ಖಾರದ ಪುಡಿ ಉದುರಿಸಿದರೆ, ಇಲ್ಲಾಂದ್ರೆ ನುಸಿಗುಳಿಗೆ ಇಟ್ಟರೆ ಬೆಕ್ಕು ಹತ್ತಿರ ಬರುವುದಿಲ್ಲ ಅಂತಾರೆ. ಅದನ್ನು ಮೊದಲು ನೋಡಬಾರದಾ?

ಮನೆ 22:
ಎರಡೂ ಬೇಡ, ಕೈಮುಗಿದು ಕೇಳುತ್ತೇನೆ. ಖಾರದ ಪುಡಿ ಪಾದಕ್ಕೆ ಅಂಟಿಕೊಳ್ಳುತ್ತದೆ. ಬೆಕ್ಕು ಅದೇ ಪಾದ ನೆಕ್ಕಿ ಅದೇ ಪಾದದಲ್ಲಿ ಮುಖ ಒರೆಸಿಕೊಳ್ಳುತ್ತದೆ, ಬಾಯಿಗೂ ಕಣ್ಣಿಗೂ ಹೋಗುತ್ತದೆ. ನುಸಿಗುಳಿಗೆ ಬೆಕ್ಕಿಗೆ ವಿಷ, ಓಣಿಯಲ್ಲಿ ಆಡುವ ನಮ್ಮ ಮಕ್ಕಳಿಗೂ ವಿಷ. ಇನ್ನೊಂದು ಮಾತು, ಗಾಯ ಆದ ಆ ಬೂದು ಬೆಕ್ಕಿಗೆ ಕನಿಕರದಿಂದ ಯಾರೂ ಪ್ಯಾರಾಸಿಟಮಾಲ್ ಕೊಡಬೇಡಿ. ನಮಗೆ ಜ್ವರ ಇಳಿಸುವ ಒಂದೇ ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ನಿಮ್ಮ ಕಾಂಪೌಂಡಿಗೆ ಬರಬಾರದು ಅಂತಿದ್ದರೆ ನೋವು ಕೊಡದ ದಾರಿಗಳಿವೆ. ಹೂವಿನ ಪಾತಿಯಲ್ಲಿ ಮೆತ್ತನೆ ಮಣ್ಣು ಕಾಣದ ಹಾಗೆ ದಪ್ಪ ಜಲ್ಲಿ ಹರಡಿ, ಕೆದಕಲು ಆಗದಿದ್ದರೆ ಅಲ್ಲಿ ಗಲೀಜು ಮಾಡುವುದಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ ಹೆಚ್ಚಿನ ಬೆಕ್ಕುಗಳಿಗೆ ಹಿಡಿಸುವುದಿಲ್ಲ, ಆದರೆ ಒಣಗಿದ ಮೇಲೆ ಪ್ರಯೋಜನ ಇಲ್ಲ, ಆಗಾಗ ಬದಲಾಯಿಸಬೇಕು. ಶೀಟಿನ ಕೆಳಗಿನ ಸಂದಿಗೆ ಜಾಲರಿ ಹೊಡೆಸಿ. ಹೊಡೆಸುವ ಮುಂಚೆ ಟಾರ್ಚ್ ಹಾಕಿ ಒಳಗೆ ಮರಿಗಳಿಲ್ಲ ಅಂತ ನೋಡಿಕೊಳ್ಳಿ.

ನಾನು ಮೊದಲಿದ್ದ ಕಡೆ ಬೆಕ್ಕುಗಳ ಆಪರೇಷನ್ ಕೆಲಸದಲ್ಲಿ ಜೊತೆಗಿದ್ದೆ. ಬೋನು ಇಡುವುದು, ನೋಡಿಕೊಳ್ಳುವುದು ನನಗೆ ಬಿಡಿ.

ಮನೆ 9:
ಸರಿ, ದೂರ ಬಿಡುವುದು ಬೇಡ. ಆದರೆ ಆಪರೇಷನ್ ಆದ ಮೇಲೆ ಗಲಾಟೆ ನಿಲ್ಲುತ್ತದೆ ಅಂತ ಏನು ಗ್ಯಾರಂಟಿ? ಮತ್ತೆ ಇಲ್ಲೇ ತಂದು ಬಿಡುತ್ತೀರಲ್ಲ.

ಮನೆ 22:
ಹೆಣ್ಣಿಗೆ ಅಂಡಾಶಯ ತೆಗೆದ ಮೇಲೆ ಬೆದೆ ಇಲ್ಲ, ಬೆದೆ ಇಲ್ಲದ ಮೇಲೆ ಆ ಕೂಗೂ ಇಲ್ಲ. ಗಂಡಿಗೆ ಮೈಯಲ್ಲಿರುವ ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು, ಅದಕ್ಕೇ ಮಾರನೇ ರಾತ್ರಿಯೇ ಎಲ್ಲ ತಣ್ಣಗಾಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆಮೇಲೆ ಅಲೆದಾಟ, ಕಚ್ಚಾಟ, ಗೋಡೆಗೆ ಮೂತ್ರ ಚಿಮ್ಮಿಸುವುದು ಎಲ್ಲ ಕಡಿಮೆಯಾಗುತ್ತದೆ. ಗೇಟಿನ ಹತ್ತಿರ ಬರುವ ಆ ಕಟು ವಾಸನೆಯೂ ಇಳಿಯುತ್ತದೆ. ಪೂರ್ತಿ ನಿಶ್ಶಬ್ದ ಅಂತ ನಾನು ಮಾತು ಕೊಡುವುದಿಲ್ಲ ಸರ್, ಯಾವತ್ತೋ ಒಂದು ದಿನ ಎರಡು ಬೆಕ್ಕು ಗುರ್ ಅಂದೇ ಅನ್ನುತ್ತವೆ. ಆದರೆ ರಾತ್ರಿಯೆಲ್ಲ ನಡೆಯುವ ಈ ಕೂಗಾಟ ಇರುವುದಿಲ್ಲ. ಮತ್ತೆ ಆಪರೇಷನ್ ಆದ ಬೆಕ್ಕುಗಳು ಇಲ್ಲೇ ಇದ್ದರೆ ಹೊಸವು ಅಷ್ಟು ಸುಲಭವಾಗಿ ಬಂದು ಸೇರಿಕೊಳ್ಳುವುದಿಲ್ಲ.

ಮನೆ 3:
ಒಂದು ವಿಷಯ ಹೇಳಬೇಕು. ಕಂದು ಬಣ್ಣದ ಗಂಡು ಬೆಕ್ಕು ನಮ್ಮದೇ. ರಾತ್ರಿ ಹೊರಗೆ ಹೋಗುತ್ತದೆ, ಆಪರೇಷನ್ ಆಗಿಲ್ಲ. ಅದನ್ನು ಬೀದಿ ಬೆಕ್ಕು ಅಂದುಕೊಂಡು ಹಿಡಿದುಬಿಟ್ಟರೆ ಅಂತ ಭಯ ಆಯಿತು.

ಮನೆ 14:
ಹೇಳಿದ್ದು ಒಳ್ಳೆಯದಾಯಿತು. ನಿಮ್ಮದಕ್ಕೂ ಜೊತೆಯಲ್ಲೇ ಮಾಡಿಸಿ. ಓಣಿಯ ಹೆಣ್ಣುಗಳಿಗೆಲ್ಲ ನಾವು ಮಾಡಿಸಿದರೂ ಅದು ಪಕ್ಕದ ಬೀದಿಗೆ ಹೋಗಿ ಅಲ್ಲಿ ಜಗಳ ಆಡುತ್ತದೆ, ಕಚ್ಚಿಸಿಕೊಂಡು ಬರುತ್ತದೆ. ಅಲ್ಲಿಯವರೆಗೆ ರಾತ್ರಿ ಒಳಗೇ ಇಟ್ಟುಕೊಳ್ಳಿ. ಮೊದಲ ಕೆಲವು ದಿನ ಬಾಗಿಲ ಹತ್ತಿರ ಕೂತು ಕೂಗುತ್ತದೆ. ಮಲಗುವ ಮುಂಚೆ ಹಗ್ಗವನ್ನೋ ದಾರವನ್ನೋ ಎಳೆದು ಚೆನ್ನಾಗಿ ಓಡಾಡಿಸಿ ಆಟ ಆಡಿಸಿ, ಆಮೇಲೆ ಊಟ ಹಾಕಿ, ಹೊಟ್ಟೆ ತುಂಬಿದ ಮೇಲೆ ಮಲಗುತ್ತದೆ. ಬೆಳಗಿನ ಜಾವ ಕೂಗಿದಾಗ ಎದ್ದು ಊಟ ಹಾಕಿದಿರೋ, ಕೂಗಿದರೆ ಸಿಗುತ್ತದೆ ಅಂತ ಕಲಿತುಬಿಡುತ್ತದೆ. ಬೆಕ್ಕು ಸಾಕಿದವರು ಬೇರೆ ಯಾರಾದರೂ ಇದ್ದರೆ ಈಗಲೇ ಬಣ್ಣ, ಗುರುತು ಬರೆಯಿರಿ.

ಮನೆ 20:
ನಮ್ಮದು ಒಂದಿದೆ, ಬಿಳಿ ಹೆಣ್ಣು, ಆಪರೇಷನ್ ಯಾವಾಗಲೋ ಆಗಿದೆ, ಹೊರಗೆ ಬಿಡುವುದೇ ಇಲ್ಲ. ವಯಸ್ಸಾಗಿದೆ. ಆದರೂ ಈಚೆಗೆ ಮಧ್ಯರಾತ್ರಿ ಎದ್ದು ಮನೆಯೆಲ್ಲ ಸುತ್ತಿ ಕೂಗುತ್ತದೆ. ಜಾಸ್ತಿ ತಿನ್ನುತ್ತದೆ, ಮೈ ಮಾತ್ರ ಇಳಿದಿದೆ. ಅಕ್ಕಪಕ್ಕದವರಿಗೆ ಕೇಳಿಸಿದ್ದರೆ ಕ್ಷಮಿಸಿ.

ಮನೆ 22:
ಅಕ್ಕ, ತಡ ಮಾಡದೆ ಡಾಕ್ಟರಿಗೆ ತೋರಿಸಿ. ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ, ಜೊತೆಗೆ ರಾತ್ರಿ ಕೂಗುತ್ತಿದ್ದರೆ ಥೈರಾಯ್ಡ್ ಜಾಸ್ತಿ ಆಗಿರಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿ ಇದೆ. ರಕ್ತದೊತ್ತಡವನ್ನೂ ನೋಡಲು ಹೇಳಿ, ಅದು ಏರಿದರೆ ಕಣ್ಣು ಹೋಗುವುದೂ ಉಂಟು. ಗಂಡು ಬೆಕ್ಕು ಸಾಕಿದವರು ಇನ್ನೊಂದು ತಿಳಿದುಕೊಳ್ಳಿ. ಮೂತ್ರಕ್ಕೆ ಮತ್ತೆ ಮತ್ತೆ ಕೂತು, ತಿಣುಕಿ, ನೋವಿನಿಂದ ಕೂಗಿ, ಒಂದು ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ. ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ಮನೆ 17:
ಊಟ ಹಾಕುವುದರಿಂದಲೇ ಬೆಕ್ಕು ಸೇರುತ್ತವೆ ಅಂತ ಕೆಲವರು ನನ್ನ ಮುಖಕ್ಕೇ ಹೇಳಿದ್ದಾರೆ. ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಸಿದು ಕಾಲಿಗೆ ಸುತ್ತಿಕೊಂಡಾಗ ಹೇಗೆ ಬಾಗಿಲು ಹಾಕಿಕೊಳ್ಳುವುದು? ಬೇರೆ ಏನು ಬೇಕಾದರೂ ಮಾಡುತ್ತೇನೆ.

ಮನೆ 14:
ಅಮ್ಮ, ನಿಲ್ಲಿಸಬೇಡಿ. ಈ ಕೆಲಸ ನಡೆಯುವುದೇ ನಿಮ್ಮಿಂದ. ಯಾವ ಬೆಕ್ಕು ಎಷ್ಟು ಹೊತ್ತಿಗೆ ಎಲ್ಲಿಂದ ಬರುತ್ತದೆ ಅಂತ ನಿಮಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿಲ್ಲ. ಎರಡೇ ಬದಲಾವಣೆ ಕೇಳುತ್ತೇನೆ. ರಾತ್ರಿ ಹಾಕುವುದನ್ನು ಸಂಜೆ ಬೆಳಕಿರುವಾಗಲೇ ಹಾಕಿ, ಜಾಗ ಒಂದೇ ಇರಲಿ. ಅರ್ಧ ಗಂಟೆ ಆದ ಮೇಲೆ ಉಳಿದದ್ದನ್ನು ಎತ್ತಿಬಿಡಿ, ನೀರು ಮಾತ್ರ ಇರಲಿ. ತಟ್ಟೆಯಲ್ಲಿ ಊಟ ಉಳಿದರೆ ಬೇರೆ ಬೀದಿಯ ಬೆಕ್ಕು, ಇಲಿ, ನಾಯಿ ಎಲ್ಲ ಕತ್ತಲಾದ ಮೇಲೆ ಅಲ್ಲಿಗೇ ಬರುತ್ತವೆ, ಜಗಳವೂ ಅಲ್ಲೇ. ಇದು ಅಮ್ಮನವರಿಗೆ ಮಾತ್ರ ಅಲ್ಲ, ಕಸದ ಡಬ್ಬಿಗೆ ಮುಚ್ಚಳ ಹಾಕದೆ ಹೊರಗಿಡುವ ನಮಗೆಲ್ಲರಿಗೂ.

ಮನೆ 17:
ಆಯಿತಮ್ಮ, ಇವತ್ತಿನಿಂದಲೇ. ಬರೆದುಕೊಳ್ಳಿ. ಬೂದು ಗಂಡು, ಕಪ್ಪು ಗಂಡು, ಪಟ್ಟೆ ಹೆಣ್ಣು, ಅದರ ಜೊತೆಗೇ ಓಡಾಡುವ ಸಣ್ಣ ಪಟ್ಟೆ (ಹೆಣ್ಣೋ ಗಂಡೋ ಗೊತ್ತಾಗಿಲ್ಲ), ಮೂರು ಬಣ್ಣದ ತಾಯಿ. ಮರಿಗಳು ಕಣ್ಣು ಬಿಟ್ಟಿವೆ, ಇನ್ನೂ ತೊದಲು ನಡಿಗೆ. ಪಟ್ಟೆ ಹೆಣ್ಣೇ ಈಗ ಕೂಗುತ್ತಿರುವುದು. ಬೂದು ಬೆಕ್ಕಿಗೆ ಕಿವಿ ಹರಿದಿದೆಯಲ್ಲ, ಆಪರೇಷನ್ ಆದದ್ದಕ್ಕೆ ಕಿವಿ ಕತ್ತರಿಸುತ್ತಾರೆ ಅಂತ ಕೇಳಿದ್ದೆ, ಅದಾ?

ಮನೆ 22:
ಅಲ್ಲಮ್ಮ, ಅದು ಜಗಳದ ಗಾಯ. ಗುರುತಿಗೆ ಅಂತ ಮಾಡಿದ್ದರೆ ಕಿವಿಯ ತುದಿ ನೆಟ್ಟಗೆ ಅಡ್ಡಕ್ಕೆ ಕತ್ತರಿಸಿರುತ್ತದೆ, ಹೆಚ್ಚಿನ ಕಡೆ ಎಡಗಿವಿ. ಅರಿವಳಿಕೆ ಕೊಟ್ಟಿರುವಾಗಲೇ ಮಾಡುವುದರಿಂದ ಆಗ ನೋವಾಗುವುದಿಲ್ಲ. ಆ ಗುರುತಿದ್ದರೆ ದೂರದಿಂದಲೇ ಗೊತ್ತಾಗುತ್ತದೆ, ಅದೇ ಬೆಕ್ಕನ್ನು ಮತ್ತೆ ಹಿಡಿದು ಹಿಂಸೆ ಕೊಡುವುದು ತಪ್ಪುತ್ತದೆ. ಬೂದು ಬೆಕ್ಕಿನ ಕೆನ್ನೆಯಲ್ಲಿ ಕೀವು ತುಂಬಿರಬೇಕು. ಬೆಕ್ಕಿನ ಹಲ್ಲು ಸೂಜಿ ಇದ್ದ ಹಾಗೆ, ಕಚ್ಚಿದ ತೂತು ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ಅದನ್ನೇ ಮೊದಲು ಹಿಡಿಯೋಣ, ಮೊದಲು ಗಾಯಕ್ಕೆ ಚಿಕಿತ್ಸೆ, ಆಪರೇಷನ್ ಯಾವಾಗ ಅಂತ ಡಾಕ್ಟರ್ ಹೇಳಲಿ.

ಮೂರು ಬಣ್ಣದ ತಾಯಿಯನ್ನು ಈಗ ಮುಟ್ಟುವುದು ಬೇಡ. ಮರಿಗಳು ತಾವೇ ತಿನ್ನಲು ಕಲಿತ ಮೇಲೆ ಹಿಡಿಯೋಣ. ಮರಿಗಳಿಗೂ ಎಂಟು ವಾರ ಆಗಿ, ಒಂದು ಕೆಜಿ ಹತ್ತಿರ ತೂಕ ಬಂದರೆ ಮಾಡುವ ಡಾಕ್ಟರುಗಳಿದ್ದಾರೆ. ಅಲ್ಲಿಯವರೆಗೆ ದಿನಾ ಯಾರಾದರೂ ಹೋಗಿ ಮೆಲ್ಲಗೆ ಮಾತಾಡಿಸಿ, ತಾಯಿ ಒಪ್ಪಿದರೆ ಕೈಯಲ್ಲಿ ಎತ್ತಿಕೊಳ್ಳಿ. ಈ ವಯಸ್ಸಿನಲ್ಲಿ ಮನುಷ್ಯರ ಕೈ ಪಳಗಿದ ಮರಿಗೆ ಮನೆ ಸಿಗುವುದು ಸುಲಭ, ಎರಡು ತಿಂಗಳು ದಾಟಿದ ಮೇಲೆ ಪಳಗಿಸುವುದು ಕಷ್ಟ.

ಮನೆ 11:
ಹಿಡಿಯುವಾಗ ಪರಚಿದರೆ, ಕಚ್ಚಿದರೆ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಮನೆ 22:
ಕೈಯಲ್ಲಿ ಯಾರೂ ಹಿಡಿಯಬಾರದು, ಎಷ್ಟೇ ಸಾಧು ಬೆಕ್ಕಾದರೂ. ಮಕ್ಕಳು ಆವತ್ತು ಓಣಿಗೆ ಬರುವುದು ಬೇಡ. ಅಕಸ್ಮಾತ್ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಅದಕ್ಕೇ ಆಪರೇಷನ್ ದಿನವೇ ಎಲ್ಲ ಬೆಕ್ಕಿಗೂ ರೇಬಿಸ್ ಲಸಿಕೆ ಹಾಕಿಸೋಣ.

ಬೋನಿನ ಕೆಲಸ ಹೀಗೆ. ಇವತ್ತಿನಿಂದ ಬೋನನ್ನು ಊಟದ ಜಾಗದಲ್ಲಿ ಬಾಗಿಲು ತೆರೆದು ಕಟ್ಟಿ ಇಡುತ್ತೇನೆ, ಅಮ್ಮ ಅದರೊಳಗೇ ಊಟ ಇಡಲಿ. ಒಳಗೆ ಹೋಗಿ ತಿನ್ನುವುದು ರೂಢಿ ಆಗುತ್ತದೆ. ಹಿಡಿಯುವ ದಿನ ತಳಕ್ಕೆ ಪೇಪರ್ ಹಾಸಿ, ಹಿಂದಿನ ತುದಿಯಲ್ಲಿ ವಾಸನೆ ಜೋರಾಗಿರುವ ಮೀನು ಸ್ವಲ್ಪವೇ ಇಟ್ಟು, ಬಾಗಿಲು ಬಿಚ್ಚುತ್ತೇನೆ. ಸ್ವಲ್ಪವೇ ಯಾಕೆ ಅಂದರೆ ಹೊಟ್ಟೆ ತುಂಬಿದ್ದರೆ ಅರಿವಳಿಕೆಯಲ್ಲಿ ವಾಂತಿ ಆಗಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಬೆಕ್ಕು ಒಳಗಾದ ತಕ್ಷಣ ಬೋನಿನ ಮೇಲೆ ದಪ್ಪ ಬಟ್ಟೆ ಮುಚ್ಚಬೇಕು. ಕತ್ತಲಾದರೆ ಹೊಡೆದುಕೊಳ್ಳುವುದು ನಿಲ್ಲಿಸಿ ಮೂಲೆಯಲ್ಲಿ ಕೂರುತ್ತದೆ. ಇಟ್ಟ ಬೋನನ್ನು ಬಿಟ್ಟು ಹೋಗುವ ಹಾಗಿಲ್ಲ, ದೂರದಿಂದ ಒಬ್ಬರು ನೋಡುತ್ತಲೇ ಇರಬೇಕು. ಒಂದು ಬೋನಿಗೆ ಒಂದೇ ಬೆಕ್ಕು.

ಆಪರೇಷನ್ ಆದ ಮೇಲೆ ಗಂಡನ್ನು ಒಂದು ರಾತ್ರಿ, ಹೆಣ್ಣನ್ನು ಎರಡು ಮೂರು ರಾತ್ರಿ ಒಳಗಿಟ್ಟು ನೋಡಬೇಕು. ತೂರಾಡುತ್ತಿರುವ ಬೆಕ್ಕನ್ನು ಬಿಡಬಾರದು. ಬಿಚ್ಚುವ ಅಗತ್ಯ ಇಲ್ಲದ ಹೊಲಿಗೆ ಹಾಕಲು ಡಾಕ್ಟರಿಗೆ ಮೊದಲೇ ಹೇಳೋಣ, ಬೀದಿ ಬೆಕ್ಕನ್ನು ಎರಡನೇ ಸಲ ಹಿಡಿಯುವುದು ಸುಲಭ ಅಲ್ಲ.

ಮನೆ 9:
ನಮ್ಮ ಕೆಳಗಿನ ಶೆಡ್ ಖಾಲಿ ಇದೆ, ಬೋನುಗಳನ್ನು ಅಲ್ಲಿಡಬಹುದು. ಗಾಳಿ ಬರುತ್ತದೆ, ಮಳೆ ಬೀಳುವುದಿಲ್ಲ, ಬೀಗ ಇದೆ. ಗಾಡಿಯೂ ನನ್ನದೇ ಇರಲಿ.

ಮನೆ 5:
ಆಪರೇಷನ್ ಖರ್ಚಿಗೆ ನನ್ನ ಪಾಲು ಕೊಡುತ್ತೇನೆ. ರಾತ್ರಿ ಬೋನು ಕಾಯಲೂ ಬರುತ್ತೇನೆ.

ಮನೆ 14:
ತುಂಬಾ ಸಂತೋಷ ಆಯಿತು. ಖರ್ಚು ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ ನಾಳೆ ಇಲ್ಲೇ ಬರೆಯುತ್ತೇನೆ. ದುಡ್ಡು ಕೊಡಲು ಆಗದವರು ಕೊಡಲೇಬೇಕು ಅಂತಿಲ್ಲ, ಕಾಯಲು ಜನ ಬೇಕು, ಹಳೇ ಪೇಪರ್, ಹಳೇ ಬೆಡ್‌ಶೀಟ್ ಬೇಕು.

ಬೂದು ಬೆಕ್ಕನ್ನು ನಾಳೆ ಸಂಜೆಯೇ ಹಿಡಿಯಲು ನೋಡುತ್ತೇವೆ, ಅದಕ್ಕೆ ತಡ ಆಗಬಾರದು. ಉಳಿದ ಮೂರು, ಅಂದರೆ ಕಪ್ಪು ಗಂಡು, ಪಟ್ಟೆ ಹೆಣ್ಣು, ಸಣ್ಣ ಪಟ್ಟೆ, ಶನಿವಾರ ರಾತ್ರಿ. ಡಾಕ್ಟರ್ ಭಾನುವಾರ ಬೆಳಿಗ್ಗೆ ಒಪ್ಪದಿದ್ದರೆ ದಿನ ಬದಲಾಯಿಸಿ ತಿಳಿಸುತ್ತೇನೆ. 3ನೇ ಮನೆಯವರ ಕಂದು ಬೆಕ್ಕು ಶುಕ್ರವಾರದಿಂದಲೇ ಮನೆಯೊಳಗೆ ಇರಲಿ.

ಶನಿವಾರ ಬೆಳಿಗ್ಗೆ ಊಟ ಆದ ಮೇಲೆ ಯಾವ ಮನೆಯವರೂ ಬೆಕ್ಕುಗಳಿಗೆ ಏನೂ ಹಾಕಬೇಡಿ, ಕಸದ ಡಬ್ಬಿ ಒಳಗಿಡಿ. ಹೊಟ್ಟೆ ತುಂಬಿದ ಬೆಕ್ಕು ಬೋನಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೂರು ಬಣ್ಣದ ತಾಯಿಗೆ ಮಾತ್ರ 17ನೇ ಮನೆ ಅಮ್ಮ ಶೆಡ್ ಹಿಂದೆಯೇ ಬೇರೆಯಾಗಿ ಹಾಕುತ್ತಾರೆ, ಅದು ಹಾಲು ಕುಡಿಸುತ್ತಿದೆ, ಉಪವಾಸ ಇರಬಾರದು. ಕಾಯಲು ಬರುವವರು ಯಾವ ಹೊತ್ತಿಗೆ ಆಗುತ್ತದೆ ಅಂತ ಗುರುವಾರದೊಳಗೆ ಇಲ್ಲಿ ಹಾಕಿಬಿಡಿ.